ಎರಡನೆಯ ಸೌಟು

ಗುರುವಾರ ಸಂಜೆ ಲೋಲಾಕ್ಷಿ ಕುಚ್ಚಲಕ್ಕಿಯ ಡಬ್ಬಿಯ ಮುಂದೆ ಸೇರು ಹಿಡಿದುಕೊಂಡು ಬಹಳ ಹೊತ್ತು ನಿಂತಳು. ಪ್ರತಿ ವರ್ಷ ಎಷ್ಟು ಅಳೆಯುತ್ತಿದ್ದಳೆಂದು ಅವಳ ಕೈಗೆ ಗೊತ್ತಿತ್ತು. ಈ ವರ್ಷ ಅದರಲ್ಲಿ ಅರ್ಧಕ್ಕಿಂತ ಕಡಿಮೆ ಸಾಕೆಂದು ಅವಳ ತಲೆಗೆ ಗೊತ್ತಿತ್ತು. ಅರ್ಧ ಅಳೆದರೆ ಹೇಳದೆ ಇಟ್ಟುಕೊಂಡ ಮಾತನ್ನು ಹೇಳಿದಂತೆಯೇ ಆಗುತ್ತದೆ. ಕೊನೆಗೆ ಕೈ ತನ್ನ ಲೆಕ್ಕದಲ್ಲೇ ಅಳೆಯಿತು. ದೊಡ್ಡ ಪಾತ್ರೆಯಲ್ಲಿ ಅಕ್ಕಿ ನೆನೆಹಾಕಿ ಮುಚ್ಚಳ ಮುಚ್ಚಿ, ಒಣಮೀನು ಹುರಿಯುವ ಮೊದಲು ಅಡುಗೆಮನೆಯ ಕಿಟಕಿ ತೆರೆದಿಟ್ಟಳು. ಮೇಲಿನ ಮನೆಯವರು ಈಗಾಗಲೇ ಒಮ್ಮೆ ವಾಚ್‌ಮನ್‌ನ ಹತ್ತಿರ ದೂರು ಹೇಳಿ ಆಗಿತ್ತು.

ಮರುದಿನ ಮ್ಯಾಚು. ಡಿಸೆಂಬರ್ ಬಂದು ದುಬೈಯ ಬಿಸಿಲು ಮೆತ್ತಗಾಯಿತೆಂದರೆ, ಊರಿನ ಕರಾವಳಿಯ ಕಾಲೇಜುಗಳಲ್ಲಿ ಓದಿ ಬಂದವರೆಲ್ಲ ಸೇರಿ ವಾರದ ರಜೆಯ ಒಂದು ಶುಕ್ರವಾರ ಊದ್ ಮೇಥಾದ ಶಾಲೆಯೊಂದರ ಮೈದಾನದಲ್ಲಿ ಫುಟ್ಬಾಲ್ ಆಡುವುದು ಹಳೆಯ ರೂಢಿ. ಕಾಲೇಜಿಗೊಂದು ತಂಡ, ತಂಡಕ್ಕೆ ಏಳು ಜನ. ಲೋಲಾಕ್ಷಿಯ ಗಂಡ ಸೇಸಪ್ಪ ಪಡುಬೆಟ್ಟು ಕಾಲೇಜಿನ ತಂಡದ ಕ್ಯಾಪ್ಟನ್. ಕಂಪೆನಿಯೊಂದರ ಗೋದಾಮಿನಲ್ಲಿ ಮೇಲ್ವಿಚಾರಕ. ಐವತ್ತು ದಾಟಿದೆ, ಬಲಮೊಣಕಾಲು ಮೆಟ್ಟಿಲಿಳಿಯುವಾಗ ಕಟಕಟ ಎನ್ನುತ್ತದೆ. ಆದರೆ ಡಿಸೆಂಬರ್ ಬಂತೆಂದರೆ ಅವನು ಇನ್ನೂ ಪಡುಬೆಟ್ಟಿನ ಎಡಬದಿಯಲ್ಲಿ ಓಡುವ ಹುಡುಗ.

ಮ್ಯಾಚಿನ ದಿನ ತಂಡವೆಲ್ಲ ಕರಾಮದ ಇದೇ ಎರಡು ಕೋಣೆಯ ಮನೆಗೆ ಬಂದು ಗಂಜಿ ಕುಡಿದು ಹೋಗಬೇಕು. ಇದು ಅವರ ಹಾಸ್ಟೆಲಿನಿಂದ ಬಂದ ಕ್ರಮ. ಅಲ್ಲಿ ಅಡುಗೆಗೆ ಆಚುಮ್ಮ ಎನ್ನುವವರು ಇದ್ದರಂತೆ. ಆಟ ಇರುವ ಬೆಳಿಗ್ಗೆ ಹುಡುಗರಿಗೆ ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ, ಮಾವಿನ ಉಪ್ಪಿನಕಾಯಿ. ಗಂಜಿ ಮಾತ್ರ ಒಬ್ಬೊಬ್ಬರಿಗೆ ಒಂದೇ ಸೌಟು. ಎರಡನೆಯ ಸೌಟಿಗೆ ಬಟ್ಟಲು ಚಾಚಿದವನನ್ನು ಆಚುಮ್ಮ ಅಡಿಯಿಂದ ಮುಡಿಯವರೆಗೆ ನೋಡಿ, “ಹಾಗಾದ್ರೆ ನೀನು ಇವತ್ತು ಆಡುದಿಲ್ಲ,” ಎನ್ನುತ್ತಿದ್ದರಂತೆ. ಹೊಟ್ಟೆ ಭಾರವಾದರೆ ಕಾಲು ಏಳುವುದಿಲ್ಲ ಎನ್ನುವುದು ಅವರ ಲೆಕ್ಕ. ಮ್ಯಾಚು ಮುಗಿದ ಮೇಲೆ ಎಷ್ಟು ಬೇಕಾದರೂ ಕುಡಿಯಬಹುದು. ಆಚುಮ್ಮ ತೀರಿಹೋಗಿ ಎಷ್ಟೋ ವರ್ಷವಾದರೂ ಅವರ ಸೌಟು ಕಡಲು ದಾಟಿ ಲೋಲಾಕ್ಷಿಯ ಕೈಗೆ ಬಂದಿತ್ತು. ಮದುವೆಯಾಗಿ ದುಬೈಗೆ ಬಂದ ಮೊದಲ ಚಳಿಗಾಲದಲ್ಲಿ ಸೇಸಪ್ಪ ಅವಳಿಗೆ ಕಲಿಸಿದ ಒಂದೇ ಒಂದು ಅಡುಗೆಯ ನಿಯಮ ಅದು.

ಮೊದಲಿನ ವರ್ಷಗಳಲ್ಲಿ ಬಟ್ಟಲು ಸಾಲದೆ ಪಕ್ಕದ ಮನೆಯಿಂದ ತಂದದ್ದೂ ಉಂಟು. ಆಡುವವರು, ಬದಲಿಗೆ ಕಾಯುವವರು, ಬರೀ ಕೂಗುವುದಕ್ಕೆ ಬರುವವರು. ಆಮೇಲೆ ಒಬ್ಬೊಬ್ಬರ ಮೊಣಕಾಲು, ಸೊಂಟ, ರಕ್ತದೊತ್ತಡ ಶುರುವಾಯಿತು. ಕೆಲವರು ಅಬುಧಾಬಿಗೆ ಹೋದರು, ಕೆಲವರು ಖಲಾಸ್ ಎಂದು ವೀಸಾ ಮುಗಿಸಿ ಊರಿಗೆ ಹೋದರು. ಆಗ ಎಲ್ಲ ಕಾಲೇಜಿನವರೂ ಕೂತು, ಅಪ್ಪನ ಕಾಲೇಜಿಗೆ ಮಗ ಆಡಬಹುದು ಎಂದು ಹೊಸ ನಿಯಮ ಮಾಡಿದರು. ಮಕ್ಕಳು ಎರಡು ವರ್ಷ ಖುಷಿಯಿಂದಲೇ ಆಡಿದರು. ಮತ್ತೆ ಪರೀಕ್ಷೆ, ಟ್ಯೂಷನ್, ಗೆಳೆಯನ ಹುಟ್ಟುಹಬ್ಬ. ತಂಡ ಸಣ್ಣದಾಗುತ್ತಿದೆ ಎಂದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಲೋಲಾಕ್ಷಿಯ ಪಾತ್ರೆಗೆ. ಕಳೆದ ವರ್ಷ ಉಳಿದ ಗಂಜಿಯನ್ನು ಮನೆಯವರೇ ಶನಿವಾರ ರಾತ್ರಿಯವರೆಗೆ ಕುಡಿದಿದ್ದರು.

“ಹಾಗಾದ್ರೆ ನಿಲ್ಲಿಸಿಬಿಡಬಾರದಾ?” ಎಂದು ಅವಳು ಆಗಲೇ ಒಮ್ಮೆ ಕೇಳಿದ್ದಳು.

ಸೇಸಪ್ಪ ಬೆಚ್ಚಿಬಿದ್ದಿದ್ದ. “ನಿಲ್ಲಿಸುದಾ? ನಾವು ಬಿಟ್ರೆ ಕೋಡಿಮಜಲಿನವರಿಗೆ ವಾಕೋವರ್!”

ಕೋಡಿಮಜಲು ಕಾಲೇಜು ಎಂದರೆ ಹೊಳೆಯ ಆಚೆ ದಡದ್ದು. ಎರಡು ಕಾಲೇಜಿಗೂ ಊರಿನಲ್ಲಿ ಇದ್ದ ಹಠ ವಿಮಾನ ಹತ್ತಿ ಬಂದಿತ್ತು. ಟೂರ್ನಮೆಂಟಿನ ಮೊದಲ ಮ್ಯಾಚು ಪ್ರತಿ ವರ್ಷ ಇವರಿಬ್ಬರದ್ದೇ. ಎದುರು ತಂಡ ಬಾರದಿದ್ದರೆ ಬಂದ ತಂಡ ಆಡದೆಯೇ ಗೆದ್ದಂತೆ. ಹಾಗೆ ಆಡದೆ ಗೆಲ್ಲುವ ಖುಷಿಯನ್ನು ಕೋಡಿಮಜಲಿನ ಕ್ಯಾಪ್ಟನ್ ಆಸ್ವಾಲ್ಡ್‌ಗೆ ಕೊಡುವುದಕ್ಕಿಂತ ಎರಡೂ ಮೊಣಕಾಲು ಕೊಡುವುದು ಸೇಸಪ್ಪನಿಗೆ ಸುಲಭ.

ಇದೆಲ್ಲ ಇದ್ದದ್ದೇ. ಈ ವರ್ಷ ಹೊಸದಾಗಿ ಬಂದದ್ದು ಶ್ರವಣ್‌ನ ಮಾತು.

ಶ್ರವಣ್ ಅವರ ಒಬ್ಬನೇ ಮಗ, ಹನ್ನೊಂದನೆಯ ತರಗತಿ. ವಾರದ ಮೊದಲಲ್ಲಿ ಅವಳು ಬಟ್ಟೆ ಮಡಚುತ್ತಿದ್ದಾಗ ಬಂದು ಮಂಚದ ತುದಿಯಲ್ಲಿ ಕೂತು ಒಂದು ಟವೆಲ್ ತಾನೂ ಮಡಚಿದ. ಅವನು ಕೇಳದೆ ಟವೆಲ್ ಮಡಚಿದನೆಂದರೆ ಏನೋ ಇದೆ ಎಂದು ಲೋಲಾಕ್ಷಿಗೆ ಗೊತ್ತಾಯಿತು.

“ಅಮ್ಮ, ಈ ಫ್ರೈಡೇ ನಾನು ಆಡುದಿಲ್ಲ. ನೀನೇ ಪಪ್ಪನಿಗೆ ಹೇಳು. ಪ್ಲೀಸ್.”

“ಎಂತ, ಹುಷಾರಿಲ್ವಾ?”

“ಹುಷಾರಿದ್ದೇನೆ. ಆಡ್ಲಿಕ್ಕೆ ಮನಸ್ಸಿಲ್ಲ.”

“ನಿನಗೆ ಫುಟ್ಬಾಲ್ ಅಂದ್ರೆ ಇಷ್ಟ ಅಲ್ವಾ? ರಾತ್ರಿಯೆಲ್ಲ ಟೀವಿಯಲ್ಲಿ ಇಂಗ್ಲೆಂಡಿನವರದ್ದು ನೋಡ್ತಿ.”

“ಅದು ಬೇರೆ, ಅಮ್ಮ. ದಿಸ್ ಈಸ್ ನಾಟ್ ಫುಟ್ಬಾಲ್.” ಅವನು ಟವೆಲನ್ನು ಬಿಚ್ಚಿ ಮತ್ತೆ ಮಡಚಿದ. “ಆ ಕಾಲೇಜನ್ನು ನಾನು ನೋಡಿದ್ದು ಒಂದೇ ಸಲ. ಅದೂ ಕಾರಿನೊಳಗಿಂದ, ಗೇಟು ಮಾತ್ರ. ಗ್ರೌಂಡಿನಲ್ಲಿ ಲೈನಿನ ಹೊರಗೆ ಎಲ್ಲ ಅಂಕಲ್‌ಗಳು ನಿಂತು, ಏ, ನಿನ್ನ ಅಪ್ಪನಾಗಿದ್ರೆ ಈಗ ಗೋಲ್ ಆಗ್ತಿತ್ತು ಅಂತ ಕೂಗ್ತಾರೆ. ಪಪ್ಪ ಏನೂ ಹೇಳುದಿಲ್ಲ, ಆದ್ರೆ ಆ ಕಡೆ ತಿರುಗಿ ನಿಲ್ತಾರೆ. ಅಲ್ಲಿ ಆಡುದು ನಾನಲ್ಲ ಅಮ್ಮ. ನಾನು ಪಪ್ಪನ ಕಾಲು, ಅಷ್ಟೇ.”

ಲೋಲಾಕ್ಷಿ ಅವನ ಮುಖ ನೋಡಿದಳು. ಮೀಸೆ ಚಿಗುರುತ್ತಿದ್ದ ಮುಖ; ಆದರೆ ಕೆಳತುಟಿಯನ್ನು ಒಳಗೆ ಎಳೆದುಕೊಂಡದ್ದು ಚಿಕ್ಕಂದಿನಲ್ಲಿ ಇಂಜೆಕ್ಷನ್‌ಗೆ ಕಾಯುವಾಗ ಎಳೆದುಕೊಳ್ಳುತ್ತಿದ್ದ ಹಾಗೆಯೇ.

“ಹೇಳ್ತೇನೆ,” ಎಂದಳು. “ನೀನು ಇದನ್ನು ತಲೆಗೆ ಹಚ್ಚಿಕೊಳ್ಬೇಡ.”

ಹೇಳುತ್ತೇನೆ ಎಂದದ್ದು ಸುಲಭವಾಯಿತು. ಹೇಳುವುದಕ್ಕೆ ಬಾಯಿ ತೆರೆದಾಗಲೆಲ್ಲ ಅವಳ ಕಣ್ಣ ಮುಂದೆ ಗೇಬ್ರಿಯಲ್ ಬಂದು ನಿಲ್ಲುತ್ತಿದ್ದ. ಗೇಬ್ರಿಯಲ್ ಇದೇ ತಂಡದ ಗೋಲ್‌ಕೀಪರ್, ಹಾಸ್ಟೆಲಿನಲ್ಲಿ ಸೇಸಪ್ಪನ ಕೋಣೆಯವನು, ಈಗ ಖಿಸೈಸ್‌ನಲ್ಲಿ ಮನೆ. ಕಳೆದ ವರ್ಷ ಅವನ ಮಗ ಲಿಯೊನೆಲ್ ಮ್ಯಾಚಿನ ಬೆಳಿಗ್ಗೆ, ಎಲ್ಲರೂ ಗಂಜಿಗೆ ಕೂತಿದ್ದಾಗ ಫೋನು ಮಾಡಿ ಬರುವುದಿಲ್ಲ ಎಂದ. ಗೇಬ್ರಿಯಲ್ ಏನೋ ಹೇಳಿದ, ಮಗನೂ ಏನೋ ಹೇಳಿದ. ಅಂದಿನಿಂದ ಒಂದೇ ಸೂರಿನ ಕೆಳಗೆ ಇಬ್ಬರಿಗೂ ಮಾತಿಲ್ಲ. ಉಪ್ಪು ಬೇಕಾದರೆ ಗೇಬ್ರಿಯಲ್ ಹೆಂಡತಿಗೆ ಹೇಳುತ್ತಾನೆ, ಹೆಂಡತಿ ಮಗನಿಗೆ ಹೇಳುತ್ತಾಳೆ, ಮಗ ಉಪ್ಪನ್ನು ತಾಯಿಯ ಮುಂದೆ ಇಡುತ್ತಾನೆ. ಇದನ್ನು ಅವಳು ಲೋಲಾಕ್ಷಿಯ ಹತ್ತಿರ ನಗುತ್ತಲೇ ಹೇಳಿದ್ದಳು, ಹೇಳಿ ಮುಗಿಯುವಾಗ ಅತ್ತಿದ್ದಳು.

ನಮ್ಮ ಮನೆಯಲ್ಲೂ ಉಪ್ಪು ಹೀಗೆ ಸುತ್ತು ಹೊಡೆಯಲು ಶುರುವಾದರೆ? ಮೂರೇ ಜನ ಇರುವ ಮನೆ. ಸೇಸಪ್ಪ ಬೈಯುವವನಲ್ಲ, ಅದೇ ಅವಳಿಗೆ ಹೆದರಿಕೆ. ಬೈದದ್ದು ಸಂಜೆಗೆ ಆರಿಹೋಗುತ್ತದೆ. ಅವನು ಸುಮ್ಮನೆ ಆ ಕಡೆ ತಿರುಗಿಬಿಟ್ಟರೆ ಈ ಕಡೆ ತಿರುಗಿಸುವವರು ಯಾರು?

ಹೀಗೆ ಇವತ್ತು ನಾಳೆ ಎನ್ನುತ್ತಾ ಗುರುವಾರ ಬಂದುಬಿಟ್ಟಿತ್ತು.

ಸೇಸಪ್ಪ ಕೆಲಸ ಮುಗಿಸಿ ಬಂದವನು ಸ್ನಾನ ಮಾಡಿ, ಸೋಫಾದಲ್ಲಿ ಕಾಲು ಚಾಚಿ ಕೂತ. ಲೋಲಾಕ್ಷಿ ಹುರಿದ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತಂದು ಅವನ ಮೊಣಕಾಲಿಗೆ ಕಾವು ಕೊಡತೊಡಗಿದಳು. ಹೇಳುವುದಾದರೆ ಇದೇ ಹೊತ್ತು. ಕಾಲು ಅವಳ ಕೈಯಲ್ಲಿದೆ, ಎದ್ದು ಹೋಗುವ ಹಾಗಿಲ್ಲ.

“ನೋಡಿ ಇವರೇ, ಒಂದು ಮಾತು—”

“ಸ್ವಲ್ಪ ನಿಲ್ಲು.” ಅವನು ಫೋನು ಕಿವಿಗಿಟ್ಟುಕೊಂಡಿದ್ದ. “ಹಾಂ, ಚಾಮರಾಜ, ನಾಳೆ ಬೆಳಿಗ್ಗೆ ಬೇಗ ಬಾ ಮಾರಾಯ. ಮಗ? ... ನೋಡುವ ಅಂದ್ರೆ ಎಂತ? ನಿನ್ನೆಯೂ ನೋಡುವ ಅಂದೆ. ... ಆಯ್ತು, ಆಯ್ತು, ನೋಡುವ.”

ಫೋನು ಕೆಳಗಿಟ್ಟ. “ಎಲ್ಲರದ್ದೂ ನೋಡುವ,” ಎಂದ. “ಇರ್ಲಿ. ನಮ್ಮ ಶ್ರವಣ್ ಇದ್ದಾನಲ್ಲ. ಅವನಿಗೆ ಹೇಳು, ಇವತ್ತು ಬೇಗ ಮಲಗಲಿ. ಏನೋ ಹೇಳ್ಲಿಕ್ಕೆ ಹೊರಟೆಯಲ್ಲ?”

ಲೋಲಾಕ್ಷಿ ಉಪ್ಪಿನ ಗಂಟನ್ನು ಒತ್ತಿದಳು. “ಬಿಸಿ ಹೆಚ್ಚಾಯ್ತಾ ಅಂತ ಕೇಳಿದ್ದು.”

“ಇಲ್ಲ, ಹಿತ ಉಂಟು.”

ಅಡುಗೆಮನೆಗೆ ಬಂದರೆ ಶ್ರವಣ್ ಫ್ರಿಜ್ಜಿನ ಬಾಗಿಲು ಹಿಡಿದು ನಿಂತಿದ್ದ. “ಹೇಳಿದ್ಯಾ?” ಎಂದು ಪಿಸುಗುಟ್ಟಿದ. “ಹೇಳ್ತೇನೆ,” ಎಂದು ಇವಳೂ ಪಿಸುಗುಟ್ಟಿದಳು. ಅವನು ದೊಡ್ಡ ಪಾತ್ರೆಯ ಮುಚ್ಚಳ ಎತ್ತಿ ನೆನೆದ ಅಕ್ಕಿಯನ್ನು ನೋಡಿದ. ಮುಚ್ಚಳವನ್ನು ಸದ್ದಾಗದ ಹಾಗೆ ಇಟ್ಟು ಕೋಣೆಗೆ ಹೋದ.

ಶುಕ್ರವಾರ ಇನ್ನೂ ಕತ್ತಲಿರುವಾಗಲೇ ಎದ್ದು ಅವಳು ಗಂಜಿ ಬೇಯಿಸಿದಳು. ಹಜಾರದ ನೆಲದ ಮೇಲೆ ಊಟಕ್ಕೆ ಹಾಸುವ ಪ್ಲಾಸ್ಟಿಕ್ಕಿನ ಸುಫ್ರಾ ಹಾಸಿ, ಬಟ್ಟಲುಗಳನ್ನು ಎರಡು ಸಾಲಾಗಿ ಇಟ್ಟಳು. ಸೇಸಪ್ಪ ಆಗಲೇ ಹಸಿರು ಜೆರ್ಸಿ ತೊಟ್ಟು ಕಿಟಕಿಯಿಂದ ಪಾರ್ಕಿಂಗ್ ನೋಡುತ್ತಿದ್ದ. ಜೆರ್ಸಿ ಹೊಟ್ಟೆಯ ಹತ್ತಿರ ಬಿಗಿಯಾಗಿತ್ತು.

ಮೊದಲು ಗೇಬ್ರಿಯಲ್ ಬಂದ, ಒಬ್ಬನೇ. “ನಿನ್ನೆ ಸಂಜೆಯೇ ಚರ್ಚಿಗೆ ಹೋಗಿ ಬಂದೆ ಅಕ್ಕ, ಇವತ್ತು ಪೂರ್ತಿ ನಿಮ್ಮದೇ,” ಎಂದು ನಕ್ಕ. ಆಮೇಲೆ ಚಾಮರಾಜ ಬಂದ, ಅವನೂ ಒಬ್ಬನೇ, ಸೊಂಟಕ್ಕೆ ಅಗಲದ ಬೆಲ್ಟು ಬಿಗಿದುಕೊಂಡು. “ಮಗನಿಗೆ ಟ್ಯೂಷನ್,” ಎಂದ. ಯಾರೂ ಕೇಳಿರಲಿಲ್ಲ. ಕೊನೆಗೆ ಪೃಥ್ವಿರಾಜ್ ಬಂದ. ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು, ಅವನಿಗೇ ನಲ್ವತ್ತು. ಹೋಟೆಲಿನಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ. ಗೋಡೆಗೆ ಒರಗಿದ ಕೂಡಲೇ ಅವನ ಕಣ್ಣು ಮುಚ್ಚಿತು.

“ಇನ್ನು ಯಾರು?” ಎಂದ ಸೇಸಪ್ಪ.

ಎಲ್ಲರೂ ಬಟ್ಟಲುಗಳ ಸಾಲನ್ನು ನೋಡಿದರು. ಲೋಲಾಕ್ಷಿಗೆ ಆ ಖಾಲಿ ಬಟ್ಟಲುಗಳನ್ನು ಇಟ್ಟದ್ದೇ ತಪ್ಪಾಯಿತೆನ್ನಿಸಿ ಸೌಟು ಹಿಡಿದು ಬಡಿಸಲು ಬಗ್ಗಿದಳು. ಒಬ್ಬೊಬ್ಬರಿಗೆ ಒಂದು ಸೌಟು. ಯಾರೂ ಬೇಗ ಕುಡಿಯಲಿಲ್ಲ.

“ಮೈದಾನಕ್ಕೆ ಇಳಿಯಲಿಕ್ಕೆ ಕಡಿಮೆಯೆಂದ್ರೆ ಐದು ಜನ ಬೇಕು,” ಎಂದ ಚಾಮರಾಜ, ಗಂಜಿಗೆ ಹೇಳಿದ ಹಾಗೆ.

“ಉಂಟಲ್ಲ,” ಎಂದ ಸೇಸಪ್ಪ. “ನಾವು ನಾಲ್ಕು, ಶ್ರವಣ್ ಐದು. ಲೋಲಾಕ್ಷಿ, ಅವನು ಎದ್ದಿಲ್ವಾ? ಕರಿ ಅವನನ್ನು.”

ಸೌಟು ಅವಳ ಕೈಯಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಎಷ್ಟೋ ಸಲ ಒಳಗೊಳಗೇ ಹೇಳಿ ನೋಡಿದ್ದ ಮೆತ್ತನೆಯ ಮಾತುಗಳೆಲ್ಲ ಆ ಹೊತ್ತಿಗೆ ಸರಿಯಾಗಿ ಎಲ್ಲಿಗೋ ಹೋಗಿದ್ದವು.

“ಅವನು ಬರುದಿಲ್ಲ,” ಎಂದಳು. “ವಾರದ ಮೊದಲಲ್ಲೇ ನನ್ನ ಹತ್ತಿರ ಹೇಳಿದ್ದಾನೆ. ನಿಮಗೆ ಹೇಳಲಿಕ್ಕೆ ಒಪ್ಪಿಕೊಂಡದ್ದು ನಾನು, ಹೇಳದೆ ಇಟ್ಟುಕೊಂಡದ್ದೂ ನಾನು. ಅವನದ್ದೇನೂ ತಪ್ಪಿಲ್ಲ.”

ಗೇಬ್ರಿಯಲ್ ಉಪ್ಪಿನಕಾಯಿಯ ಹೋಳನ್ನು ಬೆರಳಿನಲ್ಲಿ ಹಿಡಿದವನು ಬಾಯಿಗೆ ಇಡಲಿಲ್ಲ, ಕೆಳಗೂ ಇಡಲಿಲ್ಲ. ಸೇಸಪ್ಪ ಹೆಂಡತಿಯನ್ನು ನೋಡಿದ. ಅವನ ಕುತ್ತಿಗೆ ನಿಧಾನವಾಗಿ ಕಿಟಕಿಯ ಕಡೆ ತಿರುಗತೊಡಗಿತು. ಅಯ್ಯೋ, ಇದೇ, ಇದೇ ಎಂದುಕೊಂಡಳು ಲೋಲಾಕ್ಷಿ.

ಆಗ ಒಳಕೋಣೆಯ ಬಾಗಿಲು ತೆರೆಯಿತು. ಶ್ರವಣ್ ನಿಂತಿದ್ದ. ಮೈಮೇಲೆ ಹಸಿರು ಜೆರ್ಸಿ. ಅಪ್ಪನ ಅಳತೆಯದು, ತೋಳು ಭುಜದಿಂದ ಜಾರಿ ಮೊಣಕೈವರೆಗೆ ಬಂದಿತ್ತು. ಹೊರಗಿನ ಮಾತನ್ನೆಲ್ಲ ಕೇಳಿದ್ದ ಎಂದು ಮುಖವೇ ಹೇಳುತ್ತಿತ್ತು.

“ಓಕೆ ಪಪ್ಪ,” ಎಂದ. “ಐ ವಿಲ್ ಕಮ್. ಅಮ್ಮನಿಗೆ ಏನೂ ಹೇಳ್ಬೇಡಿ.”

“ಶಾಬಾಸ್!” ಎಂದ ಚಾಮರಾಜ. ಅವನ ಶಾಬಾಸು ಒಂಟಿಯಾಗಿ ನಿಂತಿತು. ಶ್ರವಣ್ ಕೆಳತುಟಿಯನ್ನು ಒಳಗೆ ಎಳೆದುಕೊಂಡಿದ್ದ. ಸೇಸಪ್ಪ ಅದನ್ನೇ ನೋಡುತ್ತಿದ್ದ. ಆಸ್ಪತ್ರೆಯ ಬೆಂಚಿನಲ್ಲಿ ಆ ತುಟಿಯ ಪಕ್ಕ ಅವನೂ ಕೂತವನಲ್ಲವೇ.

ಫೋನು ಹೊಡೆದುಕೊಂಡಿತು. ಸುಫ್ರಾದ ಮೇಲೆ, ಚಟ್ನಿಯ ಬಟ್ಟಲಿನ ಪಕ್ಕ ಅದು ನಡುಗುತ್ತಾ ಸ್ವಲ್ಪ ಮುಂದೆ ಹೋಯಿತು. ಪರದೆಯ ಮೇಲಿನ ಹೆಸರು ಎಲ್ಲರಿಗೂ ಕಂಡಿತು: ಆಸ್ವಾಲ್ಡ್, ಕೋಡಿಮಜಲು.

“ತಮಾಷೆ ಮಾಡ್ಲಿಕ್ಕೆ ಮಾಡಿರ್ತಾನೆ,” ಎಂದ ಗೇಬ್ರಿಯಲ್. “ಪ್ರತಿ ವರ್ಷದ್ದು ಇದು.”

ಸೇಸಪ್ಪನ ಬೆರಳಿಗೆ ಗಂಜಿ ಅಂಟಿತ್ತು. ಕಿರುಬೆರಳಿನಿಂದ ಸ್ಪೀಕರ್ ಒತ್ತಿದ.

“ಹಲೋ ಸೇಸಪ್ಪ! ಎದ್ದಾಯ್ತಾ? ಗಂಜಿ ಆಯ್ತಾ?” ಆಸ್ವಾಲ್ಡ್‌ನ ದನಿ ದೊಡ್ಡದಿತ್ತು, ಆದರೆ ತುದಿಯಲ್ಲಿ ಸ್ವಲ್ಪ ಸೀಳಿತ್ತು. “ಒಂದು ವಿಷಯ ಮಾರಾಯ. ನಗ್ಬಾರ್ದು. ನಿಮ್ಮಲ್ಲಿ ಹುಡುಗರು ಜಾಸ್ತಿ ಇದ್ರೆ ನಮಗೆ ಒಬ್ಬನನ್ನು ಕೊಡ್ಬಹುದಾ? ಇವತ್ತಿಗೆ ಮಾತ್ರ.”

ಗೇಬ್ರಿಯಲ್ ಚಾಮರಾಜನ ಮುಖ ನೋಡಿದ.

“ನೀವು ಎಷ್ಟು ಜನ?” ಎಂದ ಸೇಸಪ್ಪ.

“ನಾಲ್ಕು. ನನ್ನ ಹೊಟ್ಟೆಯನ್ನು ಬೇರೆ ಎಣಿಸಿದ್ರೆ ಐದು. ನನ್ನ ಆಲ್ವಿನ್ ನಿನ್ನೆಯೇ ಅವನ ಫ್ರೆಂಡ್ಸ್ ಜೊತೆ ಅಬುಧಾಬಿಗೆ ಹೋದ, ಎಂತದ್ದೋ ರೇಸ್ ನೋಡ್ಲಿಕ್ಕೆ. ಹೇಳದೆ ಹೋದ ಮಾರಾಯ, ಅವನ ತಾಯಿಗೆ ಮಾತ್ರ ಹೇಳಿ.”

ಲೋಲಾಕ್ಷಿಗೆ ನೋಡದೆಯೇ ಆ ತಾಯಿಯ ಮುಖ ಕಂಡಿತು.

ಚಾಮರಾಜ ಸೊಂಟದ ಬೆಲ್ಟನ್ನು ಮರೆತು ಮುಂದಕ್ಕೆ ಬಗ್ಗಿದ. “ವಾಕೋವರ್!” ಎಂದು ಸದ್ದಿಲ್ಲದೆ ಬಾಯಿ ಆಡಿಸಿದ. ಐದು ಬೆರಳು ಎತ್ತಿ ತೋರಿಸಿದ. ನಾವು ಐದು. ಹೋಗಿ ಮೈದಾನದಲ್ಲಿ ನಿಂತರೆ ಸಾಕು, ಓಡುವುದೂ ಬೇಡ. ಪೃಥ್ವಿರಾಜ್ ಕೂಡ ಕಣ್ಣು ತೆರೆದಿದ್ದ. ಇಷ್ಟು ವರ್ಷ ಕೋಡಿಮಜಲಿಗೆ ಸಿಗದ ಹಾಗೆ ತಡೆದು ಹಿಡಿದಿದ್ದ ವಾಕೋವರ್ ತಾನೇ ಬಂದು ಸೇಸಪ್ಪನ ಬಟ್ಟಲಿನ ಪಕ್ಕ ಕೂತಿತ್ತು.

ಸೇಸಪ್ಪ ಮಗನನ್ನು ನೋಡಿದ. ಶ್ರವಣ್ ಜಾರಿದ ತೋಳನ್ನು ಮೇಲಕ್ಕೆ ಎಳೆದುಕೊಂಡ. ಅದು ಮತ್ತೆ ಜಾರಿತು.

“ಆಸ್ವಾಲ್ಡ್,” ಎಂದ ಸೇಸಪ್ಪ. “ನಾವೂ ನಾಲ್ಕೇ. ನಾವು ಬರುದಿಲ್ಲ.”

“ಎಂತ?”

“ಬರುದಿಲ್ಲ ಅಂದೆ. ಆಡ್ಲಿಕ್ಕೆ ಜನ ಇಲ್ಲ.”

ಫೋನಿನಿಂದ ಒಂದು ಉಸಿರು ಹೊರಬಿತ್ತು. ಅಷ್ಟು ದೊಡ್ಡ ಉಸಿರು ಅಷ್ಟು ಸಣ್ಣ ಫೋನಿನಿಂದ ಬಂದೀತೆಂದು ಲೋಲಾಕ್ಷಿ ಎಣಿಸಿರಲಿಲ್ಲ.

“ಯಬ್ಬ! ಯಬ್ಬ, ಸೇಸಪ್ಪ! ಇದನ್ನು ಹೋದ ವರ್ಷವೇ ಹೇಳಿದ್ರೆ ನಿನಗೆ ಪುಣ್ಯ ಬರ್ತಿತ್ತಲ್ಲ! ನನ್ನ ಬೆನ್ನು ನೆಟ್ಟಗೆ ನಿಲ್ಲುದಿಲ್ಲ ಮಾರಾಯ. ನಾವು ಬಿಟ್ರೆ ಪಡುಬೆಟ್ಟಿನವರಿಗೆ ವಾಕೋವರ್ ಆಗ್ತದೆ ಅಂತ, ಅದೊಂದೇ ಹಠಕ್ಕೆ ಪ್ರತಿ ವರ್ಷ ಊರೆಲ್ಲ ಹುಡುಕಿ ಜನ ಸೇರಿಸುದು. ಹೆಂಡತಿಯ ಹತ್ತಿರ ಬೈಗುಳ ಬೇರೆ.”

ಸೇಸಪ್ಪ ತಲೆ ತಗ್ಗಿಸಿದ. ಅವನ ಭುಜ ಅಲುಗತೊಡಗಿತು. ಅಳುತ್ತಿದ್ದಾನೆಂದು ಲೋಲಾಕ್ಷಿ ಒಂದು ಹೆಜ್ಜೆ ಮುಂದಿಟ್ಟಳು. ಅವನು ನಗುತ್ತಿದ್ದ. ಕಣ್ಣಲ್ಲಿ ನೀರು ಬರುವಷ್ಟು, ಮೊಣಕಾಲನ್ನು ಹಿಡಿದುಕೊಂಡು ನಗುತ್ತಿದ್ದ. ಗೇಬ್ರಿಯಲ್ ಉಪ್ಪಿನಕಾಯಿಯನ್ನು ಕೊನೆಗೂ ಬಾಯಿಗೆ ಹಾಕಿಕೊಂಡು ಅದರ ಹುಳಿಗೋ ನಗುವಿಗೋ ಕಣ್ಣು ಒರೆಸಿಕೊಂಡ.

“ಈಗ ಇಬ್ರೂ ಹೋಗದಿದ್ರೆ ಗೆದ್ದದ್ದು ಯಾರು?” ಎಂದ ಚಾಮರಾಜ. ಅವನಿಗೆ ಇನ್ನೂ ಆಸೆ ಬಿಟ್ಟಿರಲಿಲ್ಲ.

“ಯಾರೂ ಇಲ್ಲ,” ಎಂದ ಆಸ್ವಾಲ್ಡ್ ಫೋನಿನೊಳಗಿಂದ. “ಸೋತದ್ದೂ ಯಾರೂ ಇಲ್ಲ. ಆದ್ರೆ ಟೂರ್ನಮೆಂಟ್ ನಡೆಸುವವರಿಗೆ ಇಬ್ರೂ ಒಟ್ಟಿಗೇ ಹೇಳ್ಬೇಕು. ನಾನು ಹೇಳಿದ ಮೇಲೆ ನೀನು ಹೋಗಿ ಗ್ರೌಂಡಿನಲ್ಲಿ ನಿಂತ್ರೆ?”

“ನನ್ನ ಮೇಲೆ ನಂಬಿಕೆ ಇಲ್ವಾ?”

“ಪಡುಬೆಟ್ಟಿನವರ ಮೇಲೆ ಇಲ್ಲ.”

ಕೊನೆಗೆ ಅದೇ ಫೋನಿನಲ್ಲಿ ನಡೆಸುವವರನ್ನೂ ಸೇರಿಸಿಕೊಂಡು, ಇಬ್ಬರು ಕ್ಯಾಪ್ಟನ್ನರೂ ಮದುವೆಯ ಒಪ್ಪಿಗೆ ಹೇಳುವ ಹಾಗೆ ಒಂದೇ ಸಲಕ್ಕೆ ಬರುವುದಿಲ್ಲ ಎಂದರು. ಆಚೆಯವರಿಗೂ ಅಂಥ ಬೇಸರವಾದ ಹಾಗೆ ಕಾಣಲಿಲ್ಲ.

ಫೋನು ಇಟ್ಟು ಎಲ್ಲರೂ ಮತ್ತೆ ಗಂಜಿಗೆ ತಿರುಗಿದರು. ಸೇಸಪ್ಪನ ಬಟ್ಟಲು ಖಾಲಿಯಾಗಿತ್ತು. ಅವನು ಅದರ ಅಂಚನ್ನು ಬೆರಳಿನಿಂದ ಒಮ್ಮೆ ಸವರಿದ. ಆಮೇಲೆ ಅದನ್ನು ಎರಡೂ ಕೈಯಲ್ಲಿ ಎತ್ತಿ ಹೆಂಡತಿಯ ಕಡೆಗೆ ಚಾಚಿದ.

“ಇನ್ನೊಂದು ಸೌಟು ಹಾಕು,” ಎಂದ.

ಮದುವೆಯಾದಂದಿನಿಂದ ಮ್ಯಾಚಿನ ಬೆಳಿಗ್ಗೆ ಅವನು ಕೇಳದಿದ್ದ ಮಾತು ಅದು. ಲೋಲಾಕ್ಷಿ ಪಾತ್ರೆಯ ತಳದ ದಪ್ಪ ಗಂಜಿಯನ್ನೇ ತೆಗೆದು, ಬಟ್ಟಲು ತುಂಬಿ ತುಳುಕುವ ಹಾಗೆ ಹಾಕಿದಳು. ಗೇಬ್ರಿಯಲ್‌ನ ಬಟ್ಟಲೂ ಮುಂದೆ ಬಂತು. ಚಾಮರಾಜ ಮೊದಲು ಸೊಂಟದ ಬೆಲ್ಟನ್ನು ಬಿಚ್ಚಿ ಬದಿಗಿಟ್ಟ, ಆಮೇಲೆ ಬಟ್ಟಲು ಚಾಚಿದ.

“ನೀನೆಂತ ಅಲ್ಲಿ ಕಂಬದ ಹಾಗೆ ನಿಂತದ್ದು?” ಎಂದ ಸೇಸಪ್ಪ ಮಗನಿಗೆ. “ಅದನ್ನು ತೆಗೆದಿಟ್ಟು ಬಾ. ಗಂಜಿ ಚೆಲ್ಲಿದ್ರೆ ನಿನ್ನ ಅಮ್ಮನೇ ಒಗೀಬೇಕು.”

ಶ್ರವಣ್ ಕದಲಲಿಲ್ಲ. “ಪಪ್ಪ, ಆರ್ ಯು ಆ್ಯಂಗ್ರಿ?”

ಸೇಸಪ್ಪ ಗಂಜಿಯನ್ನು ಊದಿದ. “ನನ್ನ ಅಪ್ಪನಿಗೆ ನಾನು ಕಂಬಳಕ್ಕೆ ಕೋಣ ಓಡಿಸ್ಬೇಕು ಅಂತ ಇತ್ತು,” ಎಂದ. “ನನಗೆ ಕೋಣ ಕಂಡ್ರೆ ಹೆದರಿಕೆ. ಅದಕ್ಕೇ ನಾನು ಫುಟ್ಬಾಲಿಗೆ ಓಡಿದ್ದು.” ಒಂದು ಗುಟುಕು ಕುಡಿದ. “ಅಮ್ಮನ ಬಾಯಿಯಿಂದ ಹೇಳಿಸ್ಬಾರ್ದಿತ್ತು ನೀನು. ಅದೊಂದೇ. ಮುಂದಿನ ಸಲ ನನಗೇ ಹೇಳು. ನಾನೆಂತ ಕೋಣವಾ?”

ಶ್ರವಣ್‌ನ ತುಟಿ ಹೊರಗೆ ಬಂತು. ನಗಬಹುದೋ ಬಾರದೋ ಎಂದು ತಾಯಿಯನ್ನು ನೋಡಿ, ನಕ್ಕ.

ಲೋಲಾಕ್ಷಿ ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ತಿರುಗಿಸಿ, ತೊಳೆಯುವುದಕ್ಕೆ ಏನೂ ಇಲ್ಲದಿದ್ದರೂ ಕೈ ತೊಳೆದುಕೊಂಡಳು. ವಾರದಿಂದ ಎದೆಯ ಮೇಲೆ ಕೂತಿದ್ದ ಅಕ್ಕಿಯ ಮೂಟೆ ಯಾರೋ ಎತ್ತಿ ಒಯ್ದ ಹಾಗಿತ್ತು. ಅಲ್ಲಿ ನಿಂತಿದ್ದಾಗಲೇ ಗೇಬ್ರಿಯಲ್‌ನ ದನಿ ಕೇಳಿತು: “ಅಕ್ಕ, ಇಷ್ಟು ಗಂಜಿ ಯಾರು ಕುಡಿಯುದು? ಶನಿವಾರದವರೆಗೆ ಪುನಃ ನೀವೇ ಕುಡಿಯುದಾ?”

ಅವಳಿಗೆ ಒಂದು ಯೋಚನೆ ಬಂತು. ಸೆರಗಿನಲ್ಲಿ ಕೈ ಒರೆಸಿಕೊಂಡು ತನ್ನ ಫೋನು ತೆಗೆದು, ಬಾಲ್ಕನಿಯ ಬಾಗಿಲು ಎಳೆದುಕೊಂಡು ಲಿಯೊನೆಲ್‌ಗೆ ಫೋನು ಮಾಡಿದಳು. ಅವನು ಮಲಗಿದ್ದವನು, “ಯೆಸ್ ಆಂಟಿ?” ಎಂದ ಹೆದರಿದ ದನಿಯಲ್ಲಿ. “ಡ್ಯಾಡಿಗೆ ಏನಾದ್ರೂ—?”

“ಏನೂ ಆಗಿಲ್ಲ. ಗಂಜಿ ಉಂಟು, ಕುಡಿದು ಹೋಗು ಬಾ.”

“ಇವತ್ತು ಮ್ಯಾಚ್ ಅಲ್ವ ಆಂಟಿ?”

“ಮ್ಯಾಚಿಲ್ಲ. ಗಂಜಿ ಮಾತ್ರ.”

“ಫ್ರೈಡೇ ಬೆಳಿಗ್ಗೆ ಮೆಟ್ರೊ ಇಲ್ಲ, ಆಂಟಿ.”

“ಬಸ್ಸು ಉಂಟು,” ಎಂದಳು ಲೋಲಾಕ್ಷಿ.

ಆಸ್ವಾಲ್ಡ್ ಲಿಯೊನೆಲ್‌ಗಿಂತ ಮೊದಲೇ ಬಂದ. ಸೇಸಪ್ಪನೇ ಕರೆದಿದ್ದ. ಕೋಡಿಮಜಲಿನ ನಾಲ್ಕು ಜನ ಹಳದಿ ಜೆರ್ಸಿ ತೊಟ್ಟವರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ದೇವಸ್ಥಾನಕ್ಕೆ ಬಂದವರ ಹಾಗೆ ಸಂಕೋಚದಿಂದ ಒಳಗೆ ಕಾಲಿಟ್ಟರು. ಪಡುಬೆಟ್ಟಿನ ಗಂಜಿಯನ್ನು ಅವರು ಈವರೆಗೆ ಮೂಸಿಯೂ ನೋಡಿರಲಿಲ್ಲ. ಆಸ್ವಾಲ್ಡ್‌ನ ಹೆಂಡತಿ ಪ್ಯಾಟ್ರಿಶಿಯಾ ಒಂದು ಡಬ್ಬಿ ಸಿಗಡಿ ಚಟ್ನಿ ಹಿಡಿದುಕೊಂಡು ಹಿಂದಿನಿಂದ ಬಂದಳು. ಅಡುಗೆಮನೆಯಲ್ಲಿ ಲೋಲಾಕ್ಷಿಯ ಕಿವಿಯ ಹತ್ತಿರ, “ನಿಮ್ಮ ಮಗ ಆಡುದಿಲ್ಲ ಅಂತ ನಿಮ್ಮ ಹತ್ತಿರ ಯಾವಾಗ ಹೇಳಿದ್ದು?” ಎಂದು ಕೇಳಿದಳು.

“ವಾರದ ಮೊದಲಲ್ಲಿ. ನಿಮ್ಮವನು?”

“ನವೆಂಬರಿನಲ್ಲಿ,” ಎಂದಳು ಪ್ಯಾಟ್ರಿಶಿಯಾ. ಇಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡು, ಹೊರಗೆ ಕೇಳದ ಹಾಗೆ ನಕ್ಕರು.

ಲಿಯೊನೆಲ್ ಬಂದಾಗ ಹಜಾರದಲ್ಲಿ ಹಸಿರು ಹಳದಿ ಎಲ್ಲ ಬೆರೆತುಹೋಗಿ ಕಾಲಿಡಲು ಜಾಗವಿರಲಿಲ್ಲ. ಪೃಥ್ವಿರಾಜ್ ಮೂಲೆಯಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಆಸ್ವಾಲ್ಡ್ ಯಾವುದೋ ಹಳೆಯ ಗೋಲು ಗೋಲೇ ಅಲ್ಲವೆಂದು ಸೌತೆಕಾಯಿಯ ಹೋಳುಗಳನ್ನಿಟ್ಟು ಸಾಬೀತು ಮಾಡುತ್ತಿದ್ದ. ಅದು ಗೋಲೇ ಎಂದು ಗೇಬ್ರಿಯಲ್ ಹೋಳುಗಳನ್ನು ಜರುಗಿಸುತ್ತಿದ್ದ. ತಲೆ ಎತ್ತಿದವನು ಬಾಗಿಲಲ್ಲಿ ಮಗನನ್ನು ಕಂಡ.

“ಬಾ ಲಿಯೊನೆಲ್,” ಎಂದಳು ಲೋಲಾಕ್ಷಿ. “ಅಲ್ಲಿ ಜಾಗ ಉಂಟು ನೋಡು.”

ಜಾಗ ಇದ್ದದ್ದು ಅದೊಂದೇ. ಲಿಯೊನೆಲ್ ಕಾಲುಗಳನ್ನು ದಾಟಿಕೊಂಡು ಹೋಗಿ ತಂದೆಯ ಪಕ್ಕ ಕೂತ. ಲೋಲಾಕ್ಷಿ ಬಡಿಸಿದಳು. ಹುಡುಗ ಒಂದು ಗುಟುಕು ಕುಡಿದು ಸುತ್ತ ನೋಡಿದ. ಗೇಬ್ರಿಯಲ್ ಅವನ ಕಡೆ ನೋಡಲಿಲ್ಲ. ಆದರೆ ಅವನ ಕೈ ಉಪ್ಪಿನ ಬಟ್ಟಲನ್ನು ಹುಡುಕಿ, ತಳ್ಳಿ, ಮಗನ ಬಟ್ಟಲಿಗೆ ತಾಗಿಸಿ ನಿಲ್ಲಿಸಿತು.

“ಉಪ್ಪು ಕಡಿಮೆ ಉಂಟು,” ಎಂದ ಸೌತೆಕಾಯಿಗೆ. “ಹಾಕಿಕೋ.”

“ಥ್ಯಾಂಕ್ಸ್ ಡ್ಯಾಡಿ,” ಎಂದ ಲಿಯೊನೆಲ್.

ಗಂಜಿಯಲ್ಲಿ ಉಪ್ಪು ಸರಿಯಾಗಿಯೇ ಇತ್ತು.

ಎಲ್ಲರೂ ಹೋದಾಗ ಮಸೀದಿಯಲ್ಲಿ ಜುಮ್ಮಾದ ಬಾಂಗು ಆಗುತ್ತಿತ್ತು. ಶ್ರವಣ್ ದೊಡ್ಡ ಪಾತ್ರೆಯನ್ನು ಬಚ್ಚಲಿಗೆ ಹೊತ್ತು ಹಾಕಿ ಬ್ರಷ್ಷಿನಿಂದ ಉಜ್ಜುತ್ತಿದ್ದ. ಕೇಳದೆಯೇ ಮಾಡಿದ ಕೆಲಸ. ಆದರೆ ಈ ಸಲ ಅದರ ಹಿಂದೆ ಏನೂ ಇರಲಿಲ್ಲ. ಪ್ರತಿ ವರ್ಷ ಈ ಹೊತ್ತಿಗೆ ಮಣ್ಣು ಬೆವರು ಹತ್ತಿದ ಜೆರ್ಸಿಗಳ ರಾಶಿ ವಾಷಿಂಗ್ ಮೆಷಿನ್ ಮುಂದೆ ಬಿದ್ದಿರುತ್ತಿತ್ತು. ಇವತ್ತು ಬಾಲ್ಕನಿಯ ಹಗ್ಗ ಖಾಲಿ, ಅದರ ಆಚೆಗೆ ಕರಾಮದ ತಿಳಿ ಆಕಾಶ. ಲೋಲಾಕ್ಷಿ ತನಗೆಂದು ತೆಗೆದಿಟ್ಟಿದ್ದ ಗಂಜಿಯ ಬಟ್ಟಲು ಹಿಡಿದು ಸೋಫಾದಲ್ಲಿ, ಸೇಸಪ್ಪ ಚಾಚಿದ ಕಾಲಿನ ಪಕ್ಕ ಕೂತಳು. ಆಟದ ದಿನ ಅವಳು ಕೂತು ಉಂಡದ್ದು ನೆನಪಿಲ್ಲ.

ಸೇಸಪ್ಪನ ಕಣ್ಣು ಮುಚ್ಚಿತ್ತು. ನಿದ್ದೆ ಬಂತೇನೋ ಎಂದುಕೊಂಡಳು.

“ಬೇಜಾರಾಯ್ತಾ ಇವರೇ?” ಎಂದು ಮೆಲ್ಲಗೆ ಕೇಳಿದಳು.

“ಸ್ವಲ್ಪ,” ಎಂದ ಅವನು ಕಣ್ಣು ತೆರೆಯದೆ. ಆಮೇಲೆ ಮೊಣಕಾಲನ್ನು ಒಮ್ಮೆ ಮಡಚಿ ಬಿಚ್ಚಿದ. ಅದು ಕಟಕಟ ಎಂದಿತು. “ಇದಕ್ಕೆ ಇಲ್ಲ.”

ಬಚ್ಚಲಿನಿಂದ ಪಾತ್ರೆ ಉಜ್ಜುವ ಸದ್ದು ಬರುತ್ತಿತ್ತು. ಸೇಸಪ್ಪ ಅದನ್ನು ಕೇಳುತ್ತಾ ಸ್ವಲ್ಪ ಹೊತ್ತು ಮಲಗಿದ್ದ.

“ಮುಂದಿನ ವರ್ಷ ಅಕ್ಕಿ ಸ್ವಲ್ಪ ಜಾಸ್ತಿ ನೆನೆಹಾಕು,” ಎಂದ. “ಆಸ್ವಾಲ್ಡ್ ಕುಡಿಯುದು ನೋಡಿದೆಯಲ್ಲ.”